ಬಂದೂಕು ಇಳಿಸಿದವನ ತಕ್ಕಡಿ

(ಕಮಠಾಣದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾವು ಮಾತಿಗೆ ನಿಂತ ಹೊತ್ತಿಗೇ ಬೀದರ ವಾಯುನೆಲೆಯ ತರಬೇತಿ ವಿಮಾನ ತಲೆ ಮೇಲೆ ಹಾದು ಹೋಯಿತು. ನೀವೆಲ್ಲ ಕತ್ತೆತ್ತಿ ನೋಡಿದಿರಿ. ನಾವೂ ನೋಡಿದೆವು. ನಿಮ್ಮಲ್ಲಿ ಎಷ್ಟೋ ಜನ ನಸುಕಿನಲ್ಲೆದ್ದು ರಸ್ತೆ ಮೇಲೆ ಓಡ್ತೀರಿ, ಅಗ್ನಿವೀರ ಭರ್ತಿಗೆ. ಓಡ್ರಿ, ಬ್ಯಾಡ ಅನ್ನೋದಿಲ್ಲ. ಆದರೆ ಇವತ್ತು ನಾವು ಹೋಗೋ ಮಾತು ಆಡಲು ಬಂದಿಲ್ಲ. ತಿರುಗಿ ಬಂದ ಮೇಲಿನ ಮಾತು ಆಡಲು ಬಂದಿದ್ದೇವೆ.

2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಸಾರಿದಾಗ ಕೊಟ್ಟ ಲೆಕ್ಕ ಇದು. ನಾಲ್ಕು ವರ್ಷ ನೌಕರಿ. ನೂರಕ್ಕೆ ಹೆಚ್ಚೆಂದರೆ 25 ಜನ ಮುಂದೆ ಉಳೀತಾರೆ. ಹೊರಗೆ ಬಂದವನ ಕೈಗೆ ಸೇವಾ ನಿಧಿ ಅಂತ ಸುಮಾರು 11.71 ಲಕ್ಷ. ಅದರಲ್ಲಿ ಅರ್ಧ ಅವನದೇ ಪಗಾರದಿಂದ ಮುರಿದದ್ದು. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕ ಅನ್ನೋ ಹೆಸರೂ ಇಲ್ಲ. ಮೀಸೆ ಬಲಿಯೋ ವಯಸ್ಸಿಗೇ ಹುಡುಗ ಮಾಜಿ ಆಗಿ ಊರಿಗೆ ಬರ್ತಾನೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: “ಒಂದು ದುಕಾನ ಇಟ್ಕೊ ತಮ್ಮಾ.”

ಕ್ಯಾಪ್ಟನ್ ಗೋಪಿನಾಥರ ಕತೆ ನಿಮಗೆ ಯಾರಾದರೂ ಹೇಳಿರ್ತಾರೆ. ಹಾಸನ ಜಿಲ್ಲೆಯ ಗೊರೂರಿನ ಮೇಷ್ಟ್ರ ಮಗ. 1971ರ ಯುದ್ಧದಲ್ಲಿದ್ದವರು. ಹರೆಯದಲ್ಲೇ ಸೈನ್ಯ ಬಿಟ್ಟು ಬಂದರು. ಜಾವಗಲ್‌ನಲ್ಲಿ ರೇಷ್ಮೆ ಬೆಳೆದರು, ಹಾಸನದಲ್ಲಿ ಎನ್‌ಫೀಲ್ಡ್ ಏಜೆನ್ಸಿ ಹಿಡಿದರು, ಇಡ್ಲಿ ಹೋಟೆಲು ಇಟ್ಟರು. 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಅವರು ಸುರಿಸಿದ ಬೆವರು ಸುಳ್ಳಲ್ಲ, ಅದನ್ನು ಹಗುರ ಮಾಡೋದಿಲ್ಲ. ಆದರೆ ನೋಡ್ರಿ, ಹೇಮಾವತಿ ಜಲಾಶಯದಲ್ಲಿ ಮನೆತನದ ಹೊಲ ಮುಳುಗಿದ್ದಕ್ಕೆ ಪರಿಹಾರವಾಗಿ ಬಂದದ್ದು ಆ ಜಾವಗಲ್ ಭೂಮಿ. ಬರಡೇ ಇರಲಿ, ಕಾಲಿಡೋಕೆ ಒಂದು ನೆಲ ಇತ್ತು. ಮುಳುಗೋದಕ್ಕೂ ಮೊದಲು ಹೊಲ ಇರಬೇಕಲ್ಲ! ಇಡ್ಲಿ ತಿನ್ನಲು ಬಂದವನು ‘ಮಾಲೀಕ ಯಾವ ಕೇರಿಯವನು’ ಅಂತ ಕೇಳಿ ಎದ್ದು ಹೋದಾನು ಅನ್ನೋ ಅಂಜಿಕೆಯೂ ಅವರಿಗಿರಲಿಲ್ಲ.

ನಮ್ಮವರಿಗೆ ಸೈನ್ಯ ಹೊಸದಲ್ಲ. 1818ರ ಕೋರೆಗಾಂವ್ ಕಂಬದ ಮೇಲೆ ಮಹಾರರ ಹೆಸರಿವೆ. ಆಮೇಲೆ 1890ರ ದಶಕದಲ್ಲಿ ಅದೇ ಇಂಗ್ಲಿಷರು ಮಹಾರರ ಭರ್ತಿ ನಿಲ್ಲಿಸಿದರು. 1917ರಲ್ಲಿ ಯುದ್ಧಕ್ಕೆ ಜನ ಬೇಕಾದಾಗ ಕರೆದರು, 1921ರಲ್ಲಿ ಆ ಪಲ್ಟನ್ ಮುರಿದರು. ಮತ್ತೆ ಯುದ್ಧ ಬಂತು, 1941ರಲ್ಲಿ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟ್ ಕಟ್ಟಿದರು. ಬೇಕಾದಾಗ ವೀರ, ಬ್ಯಾಡಾದಾಗ ಹೊಲೆಯ.

ಬಾಬಾಸಾಹೇಬರ ತಂದೆ ಸುಬೇದಾರರು. 1901ರಲ್ಲಿ ಆ ಸುಬೇದಾರರ ಮಕ್ಕಳು ರೈಲಿಳಿದು ಬಾಡಿಗೆ ಎತ್ತಿನಗಾಡಿ ಕೇಳಿದರು. ಜಾತಿ ಗೊತ್ತಾದ ಮೇಲೆ ಒಬ್ಬನೂ ಒಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದರು, ಗಾಡಿಯವ ಪಕ್ಕದಲ್ಲಿ ನಡೆದ. ಮುಂದೆ ಅದೇ ಹುಡುಗ ಅಮೆರಿಕದಲ್ಲಿ ಅರ್ಥಶಾಸ್ತ್ರ ಓದಿ ಬಂದು ಮುಂಬಯಿಯಲ್ಲಿ ಷೇರು ವ್ಯವಹಾರಕ್ಕೆ ಸಲಹೆ ಕೊಡುವ ಕಚೇರಿ ತೆರೆದರು. ಸಲಹೆಗಾರ ಅಸ್ಪೃಶ್ಯ ಅಂತ ಸುದ್ದಿ ಹಬ್ಬಿತು. ಗಿರಾಕಿ ನಿಂತರು, ಕಚೇರಿ ಮುಚ್ಚಿತು. ಕೊಳ್ಳುವಾಗ ದುಪ್ಪಟ್ಟು ಕೊಡಬೇಕು, ಮಾರುವಾಗ ಗಿರಾಕಿಯೇ ಇಲ್ಲ. ನಮ್ಮ ವ್ಯಾಪಾರದ ಗಣಿತ ಇದು.

ನಮ್ಮ ಕಾಕಾನ ಮಾತು ಹೇಳ್ತೇವೆ. ಊರ ಹೆಸರು ಬ್ಯಾಡ, ನಿಮ್ಮ ಊರೇ ಅಂದ್ಕೊಳ್ರಿ. ಹದಿನೇಳು ವರ್ಷ ಫೌಜಿನಲ್ಲಿದ್ದು ಬಂದ. ಬಂದ ರೊಕ್ಕದಲ್ಲಿ ಬಸ್ ಸ್ಟ್ಯಾಂಡಿನ ಬಾಜೂಕೆ ಚಹಾದ ಹೋಟೆಲು ಇಟ್ಟ. ‘ಫೌಜಿ ಹೋಟೆಲ್’ ಅಂತ ಬೋರ್ಡು. ಬಸ್ಸಿನಿಂದ ಇಳಿದ ಪರವೂರವರು ಕುಡಿದರು. ಊರವರು ಎದುರಿನ ಕಟ್ಟೆ ಮೇಲೆ ಕೂತು ನೋಡಿದರು. ಕತ್ತಲಾದ ಮೇಲೆ ಮಾತ್ರ ಹಿಂದಿನ ಬಾಗಿಲಿಗೆ ಬರ್ತಿದ್ದರು. “ಏ ಫೌಜಿ, ಕ್ಯಾಂಟೀನಿಂದು ಒಂದು ಬಾಟ್ಲಿ ಸಿಗ್ತದೇನೋ?” ಚಹಾಕ್ಕೆ ಮೈಲಿಗೆ. ಮಿಲಿಟರಿ ರಮ್ಮಿಗೆ ಇಲ್ಲ, ಅದರ ಮೇಲೆ ಸೀಲ್ ಇರ್ತದಲ್ಲ!

ವರ್ಷದೊಳಗೆ ಹೋಟೆಲು ಮುಚ್ಚಿತು. ಅದೇ ಜಾಗದಲ್ಲಿ ಪಂಕ್ಚರ್ ಅಂಗಡಿ ಹಾಕಿದ. ಆಗ ಎಲ್ಲರೂ ಬಂದರು. ರಬ್ಬರಿಗೆ, ಕಬ್ಬಿಣಕ್ಕೆ ಮೈಲಿಗೆ ಇಲ್ಲ. ಬಂದರು, ಉದ್ರಿ ಬರೆಸಿದರು. ಯಾರ ಹೊಲದಲ್ಲಿ ಕಾಕಾನ ತಮ್ಮ ಕೂಲಿಗೆ ಹೋಗ್ತಾನೋ ಆ ಗೌಡನ ಟ್ರ್ಯಾಕ್ಟರಿಗೆ ಉದ್ರಿ. ಕೇಳಿದರೆ ತಮ್ಮನ ಕೂಲಿ ಹೋಗ್ತದೆ. ಕೇಳದಿದ್ದರೆ ಅಂಗಡಿ ಹೋಗ್ತದೆ. ಬ್ಯಾಂಕಿಗೆ ಹೋದ. ಸಾಹೇಬರು ಕೂಡಿಸಿ ಮಾತಾಡಿದರು, ಸೆಲ್ಯೂಟ್ ಕೂಡ ಹೊಡೆದರು, ಆಮೇಲೆ ಕೇಳಿದರು: “ಜಾಗ ಯಾರ ಹೆಸರಿಗಿದೆ?” ಗಡಿಯ ನೆಲಕ್ಕೆ ಹದಿನೇಳು ವರ್ಷ ಕಾವಲು ಕಾದವನ ಹೆಸರಿಗೆ ಹತ್ತಡಿ ಜಾಗ ಇರಲಿಲ್ಲ.

ಕೊಲ್ಹಾಪುರದ ಗಂಗಾರಾಮ್ ಕಾಂಬಳೆ ಫೌಜಿ ಅಲ್ಲ, ಅರಮನೆಯ ಲಾಯದ ಆಳು. ನೀರು ಮುಟ್ಟಿದನೆಂದು ಹೊಡೆತ ತಿಂದವನು. ಅವನಿಗೆ ಶಾಹು ಮಹಾರಾಜರು ರೊಕ್ಕ ಕೊಟ್ಟು ಚಹಾ ಹೋಟೆಲು ಇಡಿಸಿದರು. ಬರೀ ರೊಕ್ಕ ಕೊಟ್ಟು ಸುಮ್ಮನಿದ್ದರೆ ಅದೂ ಕಾಕಾನ ಹೋಟೆಲಿನ ಹಾಗೇ ಆಗ್ತಿತ್ತು. ಮಹಾರಾಜರು ಅದರ ಮುಂದೆ ಗಾಡಿ ನಿಲ್ಲಿಸಿ ತಾವೇ ಚಹಾ ಕುಡಿದರು, ಸಂಗಡ ಇದ್ದವರಿಗೂ ಕುಡಿಸಿದರು. ಅವನಿಗೆ ಬೇಕಾದ ಬಂಡವಾಳದಲ್ಲಿ ಗಿರಾಕಿಯೂ ಒಂದು ಅಂತ ಆ ರಾಜನಿಗೆ ತಿಳಿದಿತ್ತು.

ರಾಜರು 1922ರಲ್ಲಿ ತೀರಿದರು. ನಮ್ಮ ಅಂಗಡಿ ಮುಂದೆ ಗಾಡಿ ನಿಲ್ಲಿಸುವವರು ಯಾರು? ನಾವು ತಿರುಗಿ ನಿಮ್ಮನ್ನೇ ಕೇಳ್ತೇವೆ. ನಿಮ್ಮ ಹಾಸ್ಟೆಲಿಗೆ ಅಕ್ಕಿ, ಬೇಳೆ, ಕಾಯಿಪಲ್ಲೆ ಯಾರ ದುಕಾನದಿಂದ ಬರ್ತದೆ? ಟೆಂಡರು ಯಾರ ಹೆಸರಿಗಾಗಿದೆ? ಹಳಸಿದ ಅನ್ನಕ್ಕೆ ಧರಣಿ ಕೂತಿದ್ದೀರಿ, ಒಳ್ಳೇದೇ. ಅಕ್ಕಿ ಮಾರಿದವನ ಹೆಸರು ಕೇಳಿದ್ದೀರೇನು? ಪಂಚಾಯ್ತಿ ಬಸ್ ಸ್ಟ್ಯಾಂಡಿನಲ್ಲಿ ಮಳಿಗೆ ಕಟ್ಟಿ ಹರಾಜು ಹಾಕುವ ದಿನ ನಮ್ಮವರು ಎಷ್ಟು ಜನ ಅಲ್ಲಿ ನಿಂತಿರ್ತೇವೆ?

ಕಾಕಾ ಈಗಲೂ ಪಂಕ್ಚರ್ ಹಾಕ್ತಾನೆ. ಬರುವ ಭಾನುವಾರ ಇಲ್ಲಿಗೆ ಬಂದು ಕೂಡ್ತೇನೆ ಅಂದಿದ್ದಾನೆ. ಓಟದ ಬಗ್ಗೆ ಕೇಳುವವರು ಓಟದ ಬಗ್ಗೆ ಕೇಳ್ರಿ. ಉದ್ರಿ ಖಾತೆ ಹೆಂಗ ಬರೀಬೇಕು, ಯಾರಿಗೆ ಬರೀಬಾರದು, ಅದನ್ನೂ ಹೇಳ್ತಾನಂತೆ. ಅವನ ಹಳೇ ಖಾತೆ ಪುಸ್ತಕ ತರಲು ಹೇಳಿದ್ದೇವೆ. ನೀವೂ ಒಂದೊಂದು ನೋಟ್‌ಬುಕ್ ತರ್ರಿ.