ಗಾಳಿಯಲ್ಲಿ ನಿಲ್ಲುವ ವಿದ್ಯೆ



ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಎರೆಹೊಲಗಳ ಮೇಲೆ ರಾಮದಾಸ ಹದ್ದು ಆಕಾಶದಲ್ಲಿ ಒಂದೇ ಕಡೆ ನಿಂತಿರುವುದನ್ನು ನೀವು ನೋಡಿರಬಹುದು. ಕಣ್ಣು ನೆಲದ ಇಲಿಯ ಮೇಲೆ. ರೆಕ್ಕೆಗೂ ಬಾಲಕ್ಕೂ ಕ್ಷಣದ ಬಿಡುವಿಲ್ಲ. ರಿಮೋಟಿನ ಮಾದರಿ ಹೆಲಿಕಾಪ್ಟರ್ ಕಲಿಯುವವರಿಗೂ ಮೊದಲ ಪಾಠ ಇದೇ, ಗಾಳಿಯಲ್ಲಿ ನಿಲ್ಲಿಸುವುದು.

ಇದು ಬಲು ಕಠಿಣ ವಿದ್ಯೆ. ಮೇಲಿನ ರೆಕ್ಕೆ, ಅಂದರೆ ರೋಟರ್, ಒಂದು ದಿಕ್ಕಿಗೆ ತಿರುಗಿದರೆ ಒಡಲು ಎದುರು ದಿಕ್ಕಿಗೆ ತಿರುಗಹೊರಡುತ್ತದೆ. ಅದನ್ನು ತಡೆಯುವುದು ಬಾಲದ ಪುಟ್ಟ ರೋಟರ್. ಹೆಲಿಕಾಪ್ಟರ್ ನಿರ್ಮಾತೃ ಇಗೋರ್ ಸಿಕೋರ್ಸ್ಕಿ 1939ರಲ್ಲಿ ತಮ್ಮ ಹೆಲಿಕಾಪ್ಟರನ್ನು ಮೊದಲು ಮೇಲೆಬ್ಬಿಸಿದಾಗ ಅದನ್ನು ನೆಲಕ್ಕೆ ಕಟ್ಟಿಯೇ ಇಟ್ಟಿದ್ದರು. ಅಂಥವರಿಗೇ ಅವಸರವಿರಲಿಲ್ಲ!

ಹೊಸಬರು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಆಮೇಲೆ ಕಾಪ್ಟರಿನ ಕಾಲಿಗೆ ಉದ್ದನೆಯ ಕಡ್ಡಿಗಳನ್ನು ಅಡ್ಡಡ್ಡ ಕಟ್ಟಿ, ಬಾಲ ತಮ್ಮ ಕಡೆಗಿರುವಂತೆ ಇಟ್ಟು ಎಬ್ಬಿಸಬೇಕು. ಮೂತಿ ನಮ್ಮತ್ತ ತಿರುಗಿತೋ, ಎಡಬಲ ಅದಲುಬದಲು! ಬೆರಳು ರಿಮೋಟಿನ ಕೋಲನ್ನು ಕೂದಲೆಳೆಯಷ್ಟು ಸರಿಸಿ ಕೂಡಲೇ ಹಿಂದಕ್ಕೆ ತರಬೇಕು. ಪೂರ್ತಿ ವಾಲಿದ ಮೇಲೆ ತಿದ್ದಹೋದರೆ ತಡವಾಯಿತು. ನೆಲಕ್ಕೆ ತೀರಾ ಹತ್ತಿರದಲ್ಲಿ ತಾನೇ ಕೆಳಕ್ಕೆ ತಳ್ಳಿದ ಗಾಳಿ ಅದನ್ನು ಅಲುಗಾಡಿಸುತ್ತದೆ. ತುಸು ಮೇಲೇರಿದರೆ ಸಮಾಧಾನ.

ಮಕ್ಕಳು ಹಾರಿಸಲು ಕೇಳಿದರೆ ಬೇಡವೆನ್ನಬೇಡಿ, ಜೊತೆಗೆ ನಿಲ್ಲಿ. ಗಾಳಿ ಏಳುವ ಮುನ್ನ, ಬೆಳಗಿನ ತಂಪಿನಲ್ಲಿ, ಜನರಿಲ್ಲದ ಬಯಲಿಗೆ ಹೋಗಿ. ಸೊಲ್ಲಾಪುರದ ಹೊಟಗಿ ರಸ್ತೆಯ ವಿಮಾನ ನಿಲ್ದಾಣದಿಂದಲೂ ನಾನ್ನಜದ ಎರೆಭೂತ ಪಕ್ಷಿಗಳ ಅಭಯಾರಣ್ಯದಿಂದಲೂ ದೂರವಿರಿ. ತಿರುಗುವ ರೆಕ್ಕೆಯ ಹತ್ತಿರ ಯಾರನ್ನೂ ಬಿಡಬೇಡಿ.