ಕಾಡುಶೇಂಗಾದ ಋಣ



ಟಿಕ್ಕಾ ಮತ್ತು ತುಕ್ಕುರೋಗಗಳು ಹೊಕ್ಕ ಶೇಂಗಾ ಹೊಲದಲ್ಲಿ ಕಾಯಿ ಬಲಿಯುವ ಮುನ್ನವೇ ಎಲೆಗಳು ಉದುರುತ್ತವೆ. ರೈತನು ಔಷಧದ ಡಬ್ಬಿಗೆ ಕೈಚಾಚುತ್ತಾನೆ. ಇವನ್ನು ತಡೆಯುವ ಗುಣವು ಬೊಲಿವಿಯದ ಕಾಡುಗಿಡವೊಂದರಲ್ಲಿತ್ತು. ಅದರ ಹೆಸರು ಅರಾಕಿಸ್ ಕಾರ್ಡೆನಾಸಿ. 1960ರ ದಶಕದಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಅದನ್ನು ಹೊಲದ ಶೇಂಗಾದೊಡನೆ ಕೂಡಿಸಿದರು. ಕಾಡುಗಿಡದ ವರ್ಣತಂತುಗಳು 20, ಹೊಲದ ಗಿಡದವು 40. ಹುಟ್ಟಿದ ಸಂಕರ ಬಂಜೆ. ವರ್ಣತಂತುಗಳನ್ನು ಇಮ್ಮಡಿಗೊಳಿಸಿ, ಹಲವು ತಲೆಮಾರು ಆರಿಸಿ ಬೆಳೆಸಿದ ಮೇಲಷ್ಟೇ ಕಾಡಿನ ಗುಣವು ನಾಡಿನ ಗಿಡಕ್ಕೆ ಇಳಿಯಿತು.

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ತಳಿ ಈ ವಂಶದ್ದೇ. ಅದರ ನಿರೋಧಕ ಭಾಗವನ್ನು ಡಿಎನ್‌ಎ ಗುರುತುಗಳ ನೆರವಿನಿಂದ ಜೆಎಲ್-24, ಟಿಎಜಿ-24 ತಳಿಗಳಿಗೆ ಸಾಗಿಸಿದ ಕಾರ್ಯವು 2014ರಲ್ಲಿ ಪ್ರಕಟವಾಯಿತು. ಇದು ಕುಲಾಂತರಿಯಲ್ಲ. ಹೂವಿನಿಂದ ಹೂವಿಗೆ ಪರಾಗ ದಾಟಿಸಿದ್ದು, ಅಷ್ಟೇ. ವಂಶವಾಹಿ ಎಂದೊಡನೆ ಬೆಚ್ಚುವ ಚಳವಳಿಯ ಗೆಳೆಯರು ಈ ಭೇದವನ್ನು ಗಮನಿಸಬೇಕು.

ಆ ಕಾಡುಗಿಡದ ಅಂಶವು 30 ದೇಶಗಳ ತಳಿಗಳಲ್ಲಿ ಸೇರಿರುವುದನ್ನು 2021ರ ಅಧ್ಯಯನವು ಗುರುತಿಸಿತು. ಬೀಜವು ಅಡೆತಡೆಯಿಲ್ಲದೆ ಸಂಚರಿಸಿದ್ದರಿಂದಲೇ ಇದು ಸಾಧ್ಯವಾಯಿತು. 1993ರಲ್ಲಿ ಜಾರಿಗೆ ಬಂದ ಜೀವವೈವಿಧ್ಯ ಒಪ್ಪಂದವು ಇಂತಹ ಸಂಪತ್ತಿನ ಹಕ್ಕನ್ನು ಆಯಾ ದೇಶಕ್ಕೆ ನೀಡಿತು, ನ್ಯಾಯವೇ ಸರಿ. ಆದರೆ ಅನಂತರ ವಿನಿಮಯವು ಕುಗ್ಗಿದೆ, ಕಾಡನ್ನು ಕಾಯ್ದವರ ಪಾಲಿನ ಲೆಕ್ಕವೂ ಇತ್ಯರ್ಥವಾಗಿಲ್ಲ.