ಹಂಪಿಯ ಆಚೆ ದಡದ ಬಾಡಿಗೆಮನೆಗಳು

(ಊರಿನವರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಊರುಗಳಲ್ಲಿ ನಾಲ್ಕು ಜನ ಸೇರಿದರೆ ಹೋಂಸ್ಟೇ ಮಾತು ಬಂದೇ ಬರುತ್ತದೆ. ಅಡಿಕೆ, ಕಾಫಿಯ ಧಾರಣೆ ಕುಸಿದಾಗಲೆಲ್ಲ, ಮಕ್ಕಳು ಪೇಟೆ ಸೇರಿ ಖಾಲಿಯಾದ ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಬಿಡುವ ಯೋಚನೆ ಹುಟ್ಟುವುದು ಸಹಜವೇ ಆಗಿದೆ. ಅದನ್ನು ತಪ್ಪೆನ್ನುವುದು ಈ ಮಾತಿನ ಉದ್ದೇಶವಲ್ಲ. ಆದರೆ ಈ ದಾರಿಯಲ್ಲಿ ಮೊದಲೇ ನಡೆದು, ಲಾಭವನ್ನೂ ಪೆಟ್ಟನ್ನೂ ಉಂಡ ಊರುಗಳು ಕರ್ನಾಟಕದಲ್ಲಿಯೇ ಇವೆ. ಇಲ್ಲಿಯ ಬೆಟ್ಟಗಳಲ್ಲಿ ಹುಟ್ಟಿದ ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಬಯಲಿಗಿಳಿದು ಹಂಪಿಯನ್ನು ಮುಟ್ಟುತ್ತವೆ. ಆ ಹೊಳೆಯ ಆಚೆ ದಡದಲ್ಲಿರುವ ವಿರೂಪಾಪುರಗಡ್ಡೆ, ಆನೆಗೊಂದಿ, ಸಾಣಾಪುರಗಳ ಕಥೆಯನ್ನು ಬೆಟ್ಟದವರು ಕೇಳಿಸಿಕೊಳ್ಳಬೇಕಾಗಿದೆ.

ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ. ಹೊಳೆಗೆ ಅಡ್ಡಲಾಗಿ ಕಟ್ಟತೊಡಗಿದ್ದ ಸೇತುವೆಗಳ ಕಾರಣದಿಂದ 1999ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಅದರಿಂದ ಹೊರಬಂದದ್ದು 2006ರಲ್ಲಿ. ಈ ನಡುವೆ 2002ರ ಕಾಯ್ದೆಯಂತೆ ಇಡೀ ಪ್ರದೇಶದ ನಿರ್ವಹಣೆಗೆ ಒಂದು ಪ್ರಾಧಿಕಾರ ರಚನೆಯಾಯಿತು. 2011ರ ಜುಲೈ ತಿಂಗಳಿನಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. ಸ್ಮಾರಕಗಳ ನಡುವೆ ತಂಗುವ ಜಾಗ ಕಡಿಮೆಯಾದಷ್ಟೂ ಸುತ್ತಲಿನ ಊರುಗಳಲ್ಲಿ ಕೋಣೆಗಳಿಗೆ ಬೇಡಿಕೆ ಹೆಚ್ಚುತ್ತ ಹೋಯಿತು. ಐತಿಹಾಸಿಕ ನಗರಗಳ ನೆರೆಯಲ್ಲಿರುವ ಊರುಗಳಿಗೆಲ್ಲ ಒದಗುವ ಪಾಡು ಇದು.

ವಿರೂಪಾಪುರಗಡ್ಡೆಯೆಂದರೆ ತುಂಗಭದ್ರೆ ಕವಲೊಡೆದು ಸುತ್ತುವರಿದ ನಡುಗಡ್ಡೆ. ಹಂಪಿಯಿಂದ ದೋಣಿ ದಾಟಿದರೆ ಬತ್ತದ ಗದ್ದೆ, ತೆಂಗು, ಬಂಡೆಗುಡ್ಡ. ಕ್ಷೇತ್ರದ ಕಟ್ಟುಪಾಡುಗಳು ಅಲ್ಲಿ ಸಡಿಲವಾಗಿದ್ದುದರಿಂದ ವಿದೇಶಿ ಯುವಜನರಿಗೆ ಅದು ಪ್ರಿಯವಾಯಿತು. ಗದ್ದೆಯ ಅಂಚಿನಲ್ಲಿ ಗುಡಿಸಲುಗಳೆದ್ದವು. ಗುಡಿಸಲಿಗೊಂದು ಜೋಲುಮಂಚ, ಪಕ್ಕದಲ್ಲೊಂದು ಊಟದ ಚಪ್ಪರ. ಆದರೆ ಆ ನೆಲವು 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಅಡಿಯಲ್ಲಿ 1988ರಲ್ಲಿಯೇ ಸಂರಕ್ಷಿತ ಪ್ರದೇಶವೆಂದು ಅಧಿಸೂಚಿತವಾಗಿತ್ತು. ಹೈಕೋರ್ಟು 2015ರಲ್ಲಿ ನೀಡಿದ ತೀರ್ಪನ್ನು ಸುಪ್ರೀಂ ಕೋರ್ಟು 2020ರ ಫೆಬ್ರುವರಿ 11ರಂದು ಎತ್ತಿಹಿಡಿಯಿತು. ಮಾರ್ಚ್ ಮೊದಲ ವಾರದಲ್ಲಿ ಯಂತ್ರಗಳು ಬಂದವು. ಅದೇ ತಿಂಗಳ ಕೊನೆಯಲ್ಲಿ ಇಡೀ ದೇಶಕ್ಕೆ ಲಾಕ್‌ಡೌನ್ ಆಯಿತು.

ನ್ಯಾಯಾಲಯದ ತೀರ್ಪನ್ನು ದೂರುವಂತಿಲ್ಲ. ಕಾನೂನು ಸ್ಪಷ್ಟವಾಗಿಯೇ ಇತ್ತು. ಅಧಿಸೂಚನೆ ಹೊರಡಿಸಿದ ಸರ್ಕಾರವು ಗುಡಿಸಲುಗಳು ಕಣ್ಣೆದುರಿಗೇ ಸಾಲುಗಟ್ಟುವುದನ್ನು ವರ್ಷಗಟ್ಟಲೆ ನೋಡಿಕೊಂಡು ಕುಳಿತದ್ದನ್ನು ಮಾತ್ರ ಧಾರಾಳವಾಗಿ ದೂರಬಹುದು. 1988ರಿಂದ 2020ಕ್ಕೆ ಮೂವತ್ತೆರಡು ವರ್ಷ. ಅಷ್ಟರಲ್ಲಿ ಒಂದು ತಲೆಮಾರು ಬೇಸಾಯದ ರೂಢಿ ಬಿಟ್ಟು ಅಡುಗೆ, ಅಗಸೆ, ದೋಣಿಯ ಕೂಲಿಗೆ ಹೊಂದಿಕೊಂಡುಬಿಡುತ್ತದೆ. ಬಂಡವಾಳ ಹೂಡಿದವನಿಗೆ ಮತ್ತೊಂದು ಊರು ಸಿಕ್ಕೀತು. ಪಾತ್ರೆ ತೊಳೆಯುತ್ತಿದ್ದ ಹೆಂಗಸಿಗೆ ಎಲ್ಲಿಯದು?

ಕೆಲವೇ ಮೈಲಿ ಆಚೆಯ ಆನೆಗೊಂದಿಯಲ್ಲಿ ನಡೆದದ್ದು ಬೇರೆ. ವಿಜಯನಗರಕ್ಕಿಂತ ಹಳೆಯ ಊರದು. ಕಲ್ಲು ಮಣ್ಣಿನ ಗೋಡೆ, ಮರದ ಕಂಬ, ಬೀದಿಗೆ ಮುಖ ಮಾಡಿದ ಜಗಲಿ ಇರುವ ಮನೆಗಳು ಅಲ್ಲಿ ಇನ್ನೂ ಉಳಿದಿವೆ. 1997ರಲ್ಲಿ ಆರಂಭವಾದ ಕಿಷ್ಕಿಂದಾ ಟ್ರಸ್ಟ್ ಅಲ್ಲಿ ಹಳೆಯ ಮನೆಗಳ ದುರಸ್ತಿ, ಬಾಳೆನಾರಿನ ಕೈಗೆಲಸ, ಪ್ರವಾಸಿಗರ ವಸತಿ ಇವನ್ನು ಒಟ್ಟಿಗೇ ಹಿಡಿದುಕೊಂಡು ಕೆಲಸ ಮಾಡಿತು. ಪ್ರವಾಸಿಗನು ಊರ ಬೀದಿಯಲ್ಲಿಯೇ, ಅಕ್ಕಪಕ್ಕದವರ ಕಣ್ಣಳತೆಯಲ್ಲಿಯೇ ತಂಗುತ್ತಾನೆ. ಬಾಡಿಗೆಯ ಹಣದಿಂದ ಹಳೆಯ ಸೂರು ನಿಲ್ಲುತ್ತದೆ. ಹೊಸದಾಗಿ ಗದ್ದೆ ಅಗೆಯುವ ಪ್ರಮೇಯವಿಲ್ಲ. ಇದರಿಂದ ಊರಿನ ಎಲ್ಲರ ಬಡತನ ನೀಗಿತೆಂದು ಯಾರೂ ಹೇಳಲಾರರು. ಆದರೂ ಮನೆಯನ್ನು ಬಾಡಿಗೆಗೆ ಕೊಡುವುದಕ್ಕೂ ನೆಲವನ್ನು ಬಾಡಿಗೆಯ ವ್ಯಾಪಾರಕ್ಕೆ ಒಪ್ಪಿಸುವುದಕ್ಕೂ ಇರುವ ಅಂತರ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಗಡ್ಡೆಯಿಂದ ಎದ್ದ ವ್ಯಾಪಾರ ಸಾಣಾಪುರ, ಹನುಮನಹಳ್ಳಿಯ ಕಡೆಗೆ ಸರಿಯಿತು. ಗದ್ದೆಬಯಲಿನ ನಡುವೆ, ಊರಿನಿಂದ ದೂರಕ್ಕೆ, ಒಂಟಿ ಒಂಟಿಯಾಗಿ ವಸತಿಗಳು ಎದ್ದವು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆಯ ಬಳಿ ರಾತ್ರಿ ಕುಳಿತಿದ್ದ ಪ್ರವಾಸಿಗರ ಮೇಲೆ ಭೀಕರ ಹಲ್ಲೆ ನಡೆಯಿತು. ಕಾಲುವೆಗೆ ತಳ್ಳಲ್ಪಟ್ಟವರಲ್ಲಿ ಒಬ್ಬ ಯುವಕ ಪ್ರಾಣ ಕಳೆದುಕೊಂಡನು; ಇಬ್ಬರು ಮಹಿಳೆಯರು ಅತ್ಯಾಚಾರಕ್ಕೊಳಗಾದರು; ಅವರಲ್ಲೊಬ್ಬರು ಅತಿಥಿಗಳನ್ನು ಇಳಿಸಿಕೊಂಡಿದ್ದ ಹೋಂಸ್ಟೇ ನಡೆಸುವವರೇ. ಆ ಪಾಪ ಅಪರಾಧಿಗಳದೇ ಹೊರತು ಪ್ರವಾಸೋದ್ಯಮದ್ದಲ್ಲ. ಆದರೆ ಅತಿಥಿಗಳನ್ನು ಕರೆಯುವ ಊರು ದೀಪ, ದಾರಿ, ಪೊಲೀಸ್ ಗಸ್ತುಗಳನ್ನು ಮೊದಲೇ ಕೇಳಿ ಪಡೆಯಬೇಕೆಂಬುದನ್ನು ಅದು ಬಹಳ ಕ್ರೂರವಾಗಿ ತೋರಿಸಿತು.

ಇನ್ನು ಬೆಟ್ಟದ ಊರುಗಳ ವಿಚಾರ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಂತೆ ಹೋಂಸ್ಟೇ ಎಂದರೆ ಒಡೆಯನು ಕುಟುಂಬಸಮೇತ ವಾಸವಿರುವ ಮನೆ. ಹೆಚ್ಚೆಂದರೆ 6 ಕೋಣೆ, 12 ಹಾಸಿಗೆ. ಒಡೆಯ ಬೆಂಗಳೂರಿನಲ್ಲಿದ್ದು, ಕಾವಲುಗಾರನೊಬ್ಬ ಬೀಗದ ಕೈ ಕೊಡುವ ಕಟ್ಟಡ ಹೋಂಸ್ಟೇ ಆಗುವುದು ಫಲಕದ ಮೇಲೆ ಮಾತ್ರ. ತೋಟ, ಗದ್ದೆಯಲ್ಲಿ ಹೊಸ ಕಾಟೇಜು ಕಟ್ಟಬೇಕಾದರೆ 1964ರ ಭೂಕಂದಾಯ ಕಾಯ್ದೆಯಂತೆ ಭೂಪರಿವರ್ತನೆ ಆಗಿರಬೇಕು. ವಿದೇಶೀಯರು ತಂಗಿದರೆ 24 ಗಂಟೆಯೊಳಗೆ ಅವರ ಮಾಹಿತಿ ಸಲ್ಲಿಸಬೇಕು. ಇವೆಲ್ಲ ಕಿರಿಕಿರಿಯೆನಿಸಬಹುದು. ಗಡ್ಡೆಯವರಿಗೂ ಹಾಗೆಯೇ ಅನಿಸಿದ್ದಿರಬಹುದು.

ಕಾಗದಪತ್ರಕ್ಕಿಂತ ದೊಡ್ಡದು ನೀರಿನ ಲೆಕ್ಕ. ಜಲಜೀವನ್ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರು. ಪೇಟೆಯವರಿಗೆ ಹಾಕುವ ಲೆಕ್ಕ 135 ಲೀಟರು. ಹನ್ನೆರಡು ಅತಿಥಿಗಳು ಪೇಟೆಯ ರೂಢಿಯಂತೆ ಬಳಸಿದರೆ ದಿನಕ್ಕೆ 1620 ಲೀಟರು; ಅದು 29 ಮಂದಿ ಹಳ್ಳಿಗರ ಪಾಲು. ಹಾಸಿಗೆಬಟ್ಟೆ ಒಗೆಯುವುದು, ಈಜುಕೊಳ ತುಂಬುವುದು ಈ ಲೆಕ್ಕದಲ್ಲಿಲ್ಲ. ತುಂಗಭದ್ರೆಯ ದಂಡೆಯ ಊರುಗಳಿಗೆ 1953ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಎಡದಂಡೆ ಕಾಲುವೆಯೂ, ವಿಜಯನಗರದ ಕಾಲದ ಕಾಲುವೆಗಳೂ ಇವೆ. ಬೆಟ್ಟದ ಮನೆಗೆ ಇರುವುದು ಒಂದು ಅಬ್ಬಿ, ಒಂದು ಬಾವಿ. ಜನ ಬೆಟ್ಟಕ್ಕೆ ಮುಗಿಬೀಳುವುದು ಶಾಲೆಗೆ ರಜೆಯಿರುವ ಏಪ್ರಿಲ್, ಮೇ ತಿಂಗಳಲ್ಲಿ. ಅಬ್ಬಿ ಸಣ್ಣಗಾಗುವುದೂ ಆಗಲೇ. ಇಳಿಜಾರಿನಲ್ಲಿ ಮೇಲ್ಮನೆಯ ಶೌಚಗುಂಡಿ ಕೆಳಮನೆಯ ಬಾವಿಗಿಂತ ಎತ್ತರದಲ್ಲಿರುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ಹಂಪಿಗೆ ಪ್ರವಾಸ ಹೋಗುವಾಗ ಕೋಣೆ ಗೊತ್ತುಮಾಡುವ ಮೊದಲು ಕೇಳಿರಿ: ಮನೆಯವರು ಅಲ್ಲಿಯೇ ಇರುವರೇ? ನೋಂದಣಿ ಆಗಿದೆಯೇ? ಕಸ, ಕೊಳಚೆ ಎಲ್ಲಿಗೆ ಹೋಗುತ್ತದೆ? ಉತ್ತರ ತಡವರಿಸಿದರೆ ಬೇರೆ ಮನೆ ನೋಡಿರಿ.

ಊರಿನ ಹಿರಿಯರ ಮುಂದೆ ಇರುವ ಕೆಲಸ ಇಷ್ಟು. ಪಂಚಾಯಿತಿ ವ್ಯಾಪ್ತಿಯಲ್ಲಿ ಎಷ್ಟು ಮನೆಗಳು ಅತಿಥಿಗಳನ್ನು ಇಳಿಸಿಕೊಳ್ಳುತ್ತಿವೆ, ಎಷ್ಟು ಕೋಣೆ, ಯಾವ ಹಳ್ಳದ ನೀರು, ಗುಂಡಿ ಎಲ್ಲಿದೆ, ಜಾಗ ಲೀಸಿಗೆ ಹೋಗಿದ್ದರೆ ಎಷ್ಟು ವರ್ಷಕ್ಕೆ ಎಂಬ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿಸಬೇಕು. ಪಟ್ಟಿ ಇಲ್ಲವೆಂದರೆ ಅದನ್ನು ಸಿದ್ಧಪಡಿಸಲು ತಿಂಗಳೊಂದರ ಗಡುವು ಸಾಕು. ಅಬ್ಬಿಯ ನೀರು ಸಣ್ಣಗಾಗುವ ಮೊದಲು ಅದು ಕೈಗೆ ಬರಬೇಕು.